ಎರಡು ಪ್ಲೇಟು ಹೆಚ್ಚಿಗೆ

ಶುಂಠಿ ಮೂಟೆ ಹೇರಿದ ದಿನವೆಲ್ಲ ವೀರಭದ್ರಸ್ವಾಮಿಯ ಪಿಕಪ್ಪು ಕುಕ್ಕರಿಸಿದ ನಾಯಿಯ ಹಾಗೆ ಹಿಂಭಾಗವನ್ನು ನೆಲಕ್ಕಿಟ್ಟು, ಮೂತಿಯನ್ನು ಆಕಾಶಕ್ಕೆತ್ತಿ ನಿಲ್ಲುತ್ತಿತ್ತು. ಹದಿನಾರು ವರ್ಷದ ಗಾಡಿ. ಹಿಂದಿನ ಚಕ್ರ ಮಡ್‌ಗಾರ್ಡಿಗೆ ಉಜ್ಜಿ ಉಜ್ಜಿ, ಹಾರನಹಳ್ಳಿಯಿಂದ ಹುಣಸೂರಿನವರೆಗೂ ಸುಟ್ಟ ರಬ್ಬರಿನ ವಾಸನೆ. ಗಾಡಿ ಕಣ್ಣಿಗೆ ಕಾಣುವ ಮೊದಲೇ ಜನ ಮೂಗು ಮುಚ್ಚಿಕೊಂಡು, "ಸ್ವಾಮಣ್ಣ ಬತ್ತಾವ್ನೆ" ಅನ್ನುತ್ತಿದ್ದರು.

"ಅಷ್ಟೊಂದು ಹೇರ್ಬ್ಯಾಡಿ ಕಣ್ರೀ," ಎಂದು ಹೆಂಡತಿ ಸುನಂದಮ್ಮ ಹೇಳಿ ಹೇಳಿ ಸಾಕಾಗಿದ್ದಳು. "ಇಪ್ಪತ್ತು ಮೂಟೆ ಹೇರಿ, ಎರಡ್ ಸಲ ಓಗಿ."

"ಎರಡ್ ಸಲ ಓಗಾಕೆ ನಿಮ್ಮಪ್ಪ ಬಂದು ಡೀಸೆಲ್ ಹಾಕ್ತಾನಾ?"

"ನಮ್ಮಪ್ಪ ಎಲ್ಲಿಂದ ಬತ್ತಾನೆ? ಸತ್ತು ಒಂಬತ್ತು ವರ್ಷ ಆಯ್ತು. ನಮ್ಮವ್ವ ಅವ್ಳೆ. ಅವಳ್ನ ಕರ್ಕೊಂಡ್ ಬನ್ನಿ ಅಂತ ಆರು ತಿಂಗ್ಳಿಂದ ಬಡ್ಕೋತಾ ಇವ್ನಿ. ಅದ್ಕೆ ಮಾತ್ರ ನಿಮ್ ಗಾಡಿ ಬರಾಕಿಲ್ಲ."

ಆ ಮನೆಯಲ್ಲಿ ಯಾವ ಮಾತು ಯಾವ ದಾರಿ ಹಿಡಿದು ಹೊರಟರೂ ಕೊನೆಗೆ ಅತ್ತೆಯ ಊರಾದ ವೀರನಹೊಸಹಳ್ಳಿಗೇ ಹೋಗಿ ನಿಲ್ಲುತ್ತಿತ್ತು.

ವೀರಭದ್ರಸ್ವಾಮಿ ಗಾಡಿಯನ್ನು ಹುಣಸೂರಿನ ಅಬ್ದುಲ್ ಖಾದರ್ ಗ್ಯಾರೇಜಿಗೆ ಬಿಟ್ಟ. ಗಾಡಿಯ ಭಾರ ಹೊರುವ ಕಮಾನು ಪ್ಲೇಟಿನ ಕೆಲಸದಲ್ಲಿ ಖಾದರ್ ಕೈ ಪಳಗಿದವನು. ಗಾಡಿಯಡಿ ಮಲಗಿ, ಸುತ್ತಿಗೆಯಲ್ಲಿ ಎರಡು ಸಲ ತಟ್ಟಿ, ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳುವಂತೆ ಕಿವಿಗೊಟ್ಟ.

"ಪ್ಲೇಟು ಸೋತೋಗಿವೆ ಸ್ವಾಮಣ್ಣ. ಚಪ್ಪಟೆ ಆಗ್ಬಿಟ್ಟಿವೆ. ಮೊದಲು ಎಷ್ಟಿತ್ತೋ ಅಷ್ಟೇ ಹೊಸ ಪ್ಲೇಟು ಹಾಕಿಬಿಡೋಣ."

"ಅಷ್ಟೇ ಯಾಕೆ ಖಾದರ್ ಭಾಯ್? ಒಂದೊಂದು ಕಡೀಕೂ ಎರಡೆರಡು ಹೆಚ್ಚಿಗೆ ಹಾಕಿ."

"ಹಾಕಿದ್ರೆ ಬಗ್ಗಲ್ಲ, ನಿಜ. ಆದ್ರೆ ಆಕ್ಸೆಲ್ಲು ಹಳೇದೇ, ಬ್ರೇಕು ಹಳೇದೇ. ಲೋಡು ಮಾತ್ರ ಜಾಸ್ತಿ ಮಾಡ್ಬೇಡಿ. ಇನ್ನೊಂದು ವಿಷ್ಯ, ಖಾಲಿ ಗಾಡಿ ಓಡಿಸ್ವಾಗ ನನ್ನ ಬೈಕೋಬಾರ್ದು."

ಮೊದಲನೇ ಮಾತಿಗೆ ವೀರಭದ್ರಸ್ವಾಮಿ ತಲೆಯಾಡಿಸಿದ. ಎರಡನೆಯದನ್ನು ಕೇಳಿಸಿಕೊಳ್ಳಲೇ ಇಲ್ಲ.

ಮೂಟೆ ಹೇರಿದಾಗ ಗಾಡಿ ಜಂಬೂಸವಾರಿಯ ಆನೆಯಂತೆ ಗಂಭೀರವಾಗಿ ನಡೆಯಿತು. ಚಕ್ರ ಉಜ್ಜಲಿಲ್ಲ, ಮೂತಿ ಮೇಲೇಳಲಿಲ್ಲ. ಆದರೆ ಮೂಟೆ ಇಳಿಸಿ ವಾಪಸು ಬರುವಾಗ ಹೊಸ ಪ್ಲೇಟುಗಳ ನಿಜವಾದ ಗುಣ ಗೊತ್ತಾಯಿತು. ಅವು ಯಾವ ಕಾರಣಕ್ಕೂ ಬಗ್ಗವು. ರಸ್ತೆಯಲ್ಲಿ ಬೀಡಿ ತುಂಡಿನ ಮೇಲೆ ಚಕ್ರ ಹತ್ತಿದರೂ ಅವನ ಬೆನ್ನುಮೂಳೆಗೆ ವರ್ತಮಾನ ಮುಟ್ಟುತ್ತಿತ್ತು (ಪೂರ್ತಿ ಸೇದಿ ಎಸೆದದ್ದೋ ಅರ್ಧಕ್ಕೆ ಎಸೆದದ್ದೋ ಎಂಬುದೂ ಸಹ). ಗುಂಡಿ ಬಂದರಂತೂ ತಲೆ ಟಾಪಿಗೆ ಬಡಿದು, ಬಾಯಲ್ಲಿದ್ದ ಎಲೆ ಅಡಿಕೆ ಗಾಜಿಗೆ ಹಾರುತ್ತಿತ್ತು.

ಒಂದು ವಾರಕ್ಕೆ ಅವನ ಸೊಂಟ ಸೋತಿತು. ಹೆಂಡತಿಗೆ ಹೇಳುವಂತಿಲ್ಲ. ಕಾಫಿಯನ್ನು ನಿಂತೇ ಕುಡಿಯತೊಡಗಿದ.

"ಕೂತ್ಕೊಂಡು ಕುಡೀರಿ."

"ನಿಂತ್ಕೊಂಡೇ ಚೆಂದಾಗೈತೆ ಬುಡು."

ಹಾಗೆ ಗೋಡೆಗೆ ಒರಗಿ ನಿಂತು ಕಾಫಿ ಹೀರುವಾಗಲೇ ಒಂದು ಬೆಳಿಗ್ಗೆ ಆ ದಿವ್ಯ ಉಪಾಯ ಹೊಳೆದದ್ದು. ಅತ್ತೆಯನ್ನು ಈ ಗಾಡಿಯಲ್ಲಿ ಒಂದೇ ಒಂದು ಸಲ ಕರೆತಂದರೆ ಸಾಕು, ಈ ಜನ್ಮದಲ್ಲಿ ಎರಡನೇ ಸಲ ಬರುವೆನೆನ್ನಲಾರಳು. ಸುನಂದಮ್ಮನ ಬಾಯಿಯೂ ಮುಚ್ಚುತ್ತದೆ.

"ಇವತ್ತು ನಿಮ್ಮವ್ವನ್ನ ಕರ್ಕೊಂಬತ್ತೀನಿ ಕಣೇ," ಎಂದ.

ಸುನಂದಮ್ಮನಿಗೆ ಸಂತೋಷಕ್ಕೆ ಕಣ್ಣಲ್ಲಿ ನೀರೇ ಬಂತು. ಅವನಿಗೆ ಸ್ವಲ್ಪ ನಾಚಿಕೆಯಾಯಿತು. ಆದರೆ ಸ್ವಲ್ಪವೇ.

ಅತ್ತೆ ಚಿಕ್ಕಸಿದ್ದಮ್ಮ ಮೂರು ವರ್ಷದಿಂದ ಸೊಂಟ ಹಿಡಿದು, ಬಾಗಿಲ ಕೀಲಿನಂತೆ ಅರ್ಧಕ್ಕೆ ಮಡಚಿಕೊಂಡು, ಕೋಲೂರಿ ನಡೆಯುತ್ತಿದ್ದಳು. ಎಣ್ಣೆ, ಮುಲಾಮು, ಮಾತ್ರೆ, ಪಟ್ಟು, ಯಾವುದಕ್ಕೂ ಜಗ್ಗದ ಸೊಂಟ. ಅವಳನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು ಹೊರಟ. ಊರಾಚೆ ಎಡಕ್ಕೆ ತಿರುಗಿದರೆ ನುಣುಪಾದ ಟಾರು ರಸ್ತೆ. ನೇರ ಹೋದರೆ ಕೆರೆ ಏರಿಯ ಗುಂಡಿ ದಾರಿ.

ಅವನು ಎಡಕ್ಕೆ ತಿರುಗಲಿಲ್ಲ.

ಮೊದಲನೇ ಗುಂಡಿಗೆ ಚಿಕ್ಕಸಿದ್ದಮ್ಮ "ಶಿವನೇ" ಅಂದಳು. ಎರಡನೆಯದಕ್ಕೆ "ಅಯ್ಯೋ ನಿನ್ ಗಾಡೀಗ್ ಬೆಂಕಿ ಆಕ" ಅಂದಳು. ಮೂರನೆಯದಕ್ಕೆ ಗಾಡಿ ನಾಲ್ಕೂ ಚಕ್ರ ಎತ್ತಿ ಹಾರಿ ಬಿದ್ದಿತು. 'ಲಟಕ್' ಅಂತ ಒಂದು ಸದ್ದಾಯಿತು. ಆಮೇಲೆ ಅತ್ತೆಯ ಬಾಯಿಂದ ಮಾತೇ ಇಲ್ಲ.

ವೀರಭದ್ರಸ್ವಾಮಿಗೆ ಪಕ್ಕಕ್ಕೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಏನಾದರೂ ಹೆಚ್ಚುಕಡಿಮೆಯಾಗಿದ್ದರೆ ಸುನಂದಮ್ಮನ ಮುಂದೆ ಹೋಗಿ ನಿಲ್ಲುವುದು ಹೇಗೆ? ಗಾಡಿ ನಿಲ್ಲಿಸಿ, ಪ್ಲೇಟೇ ಮುರಿದಿರಲಪ್ಪಾ ದೇವರೇ ಎಂದು ಕೈ ಮುಗಿದು, ಕೆಳಗೆ ನುಸುಳಿದ. ಪ್ಲೇಟು ಒಂದೂ ಮುರಿದಿರಲಿಲ್ಲ. ಹಾಗಾದರೆ ಆ 'ಲಟಕ್' ಅತ್ತೆಯ ಸೊಂಟದ್ದೇ. ಅಷ್ಟರಲ್ಲಿ ಗಾಡಿಯ ಆಚೆ ಬದಿಯಲ್ಲಿ, ಮಣ್ಣಿನ ಮೇಲೆ, ಎರಡು ಪಾದ ಕಂಡವು. ಪಕ್ಕದಲ್ಲಿ ಕೋಲು ಇರಲಿಲ್ಲ.

ಹೊರಗೆ ತೆವಳಿ ಬಂದು ನೋಡಿದರೆ, ಚಿಕ್ಕಸಿದ್ದಮ್ಮ ಧ್ವಜದ ಕಂಬದಂತೆ ನೆಟ್ಟಗೆ ನಿಂತಿದ್ದಾಳೆ. ಅತ್ತೆ ತನಗಿಂತ ನಾಲ್ಕು ಬೆರಳು ಎತ್ತರ ಎಂಬುದು ಅವನಿಗೆ ಮರೆತೇ ಹೋಗಿತ್ತು.

"ಬುಟ್ತು ಕಣಪ್ಪಾ," ಎಂದಳು ಅವಳು ಸೊಂಟ ಮುಟ್ಟಿಕೊಂಡು. "ಮೂರು ವರ್ಸದ್ದು, ಬುಟ್ಬುಡ್ತು! ಇನ್ನೊಂದೆರಡು ಗುಂಡಿ ಆರುಸ್ಬುಡು ನನ್ನಪ್ಪ, ವಸಿ ಎಡಗಡೆ ಹಿಡ್ಕಂಡೈತೆ."

ಸುನಂದಮ್ಮ ತಾಯಿಯನ್ನು ನೋಡಿ ಗೊಳೋ ಎಂದು ಅತ್ತಳು. ನಂತರ ಗಂಡನ ಕಡೆ ತಿರುಗಿ, ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, "ನೀವು ದೇವ್ರಂತೋರು ಕಣ್ರೀ," ಎಂದಳು. ದೇವರಂಥವನು ಗೋಡೆ ಹಿಡಿದು ನಿಂತಿದ್ದ.

"ಊರಿಗೆ ಯಾವಾಗ ಬುಡ್ಲಿ ಅತ್ತೆ?"

"ಊರಲ್ಲಿ ಏನೈತಪ್ಪ? ಗಾಡಿ ಇಲ್ಲೇ ಅಲ್ವಾ ಇರೋದು?"

ಸುದ್ದಿ ಹರಡಲು ಎರಡು ದಿನ ಸಾಕಾಯಿತು. ಸೋಮವಾರ ಬೆಳಿಗ್ಗೆ ಜಗಲಿಯ ಮೇಲೆ ಐದು ಜನ ಹೆಂಗಸರು. ಒಬ್ಬಳ ಕೈಯಲ್ಲಿ ಮೊಸರಿನ ಕುಡಿಕೆ, ಒಬ್ಬಳ ಮಡಿಲಲ್ಲಿ ಸೋರೆಕಾಯಿ, ಎಲ್ಲರ ಕೈಯೂ ಸೊಂಟದ ಮೇಲೆ. ನಂತರ ಮಂಡಿ ನೋವಿನ ಕುಳ್ಳಯ್ಯ ಬಂದ. ಆಮೇಲೆ ಕತ್ತು ಹಿಡಿದವರು. ಚಿಕ್ಕಸಿದ್ದಮ್ಮ ಬಾಗಿಲಲ್ಲಿ ಕೂತು, ಯಾರಿಗೆ ಎಷ್ಟು ಗುಂಡಿ ಎಂದು ನಿಷ್ಕರ್ಷೆ ಮಾಡಿ ಕಳಿಸುತ್ತಿದ್ದಳು. ಯಾರ ನೋವು ಹೋಯಿತೋ ಶಿವನೇ ಬಲ್ಲ, ಇಳಿದವರೆಲ್ಲ ಹೋಯಿತೆಂದೇ ಹೇಳಿದರು. (ಬಹುಶಃ ಇನ್ನೊಂದು ಸುತ್ತಿನ ಭಯ.) ದಿನಕ್ಕೆ ಎಂಟು ಸಲ ಕೆರೆ ಏರಿ. ವೀರಭದ್ರಸ್ವಾಮಿಯ ಶುಂಠಿ ಮೂಟೆಗಳು ಪಕ್ಕದ ಬೀದಿಯ ವಸಂತನ ಗಾಡಿ ಹತ್ತಿ ಹೋದವು.

"ನಂಗೇ ಸೊಂಟ ಎತ್ತಾಕಾಯ್ತಿಲ್ಲ ಕಣೇ," ಎಂದು ಒಂದು ದಿನ ಬಾಯಿಬಿಟ್ಟ.

"ಸುಮ್ನಿರಿ. ಊರೋರ್ಗೆಲ್ಲ ವಾಸಿ ಮಾಡೋ ಗಾಡಿ, ನಿಮಗೊಬ್ರಿಗೆ ನೋವು ಕೊಡ್ತದಾ? ಯಾರಾನಾ ಕೇಳುದ್ರೆ ನಕ್ಕಾರು."

ಮಾರನೇ ದಿನ ಯಾರಿಗೂ ಹೇಳದೆ ಗಾಡಿ ಹೊರಡಿಸಿದ. ಬೀದಿ ತಿರುವಿನಲ್ಲಿ ಚಿಕ್ಕಸಿದ್ದಮ್ಮ ಕೈ ಅಡ್ಡ ಹಾಕಿ, "ಹುಣ್ಸೂರ್ಗಾ? ನಾನೂ ಬತ್ತೀನಿ," ಎಂದು ಹತ್ತಿ ಕೂತಳು. ಬೇಡವೆನ್ನಲು ಅವನಲ್ಲಿ ತ್ರಾಣವಿರಲಿಲ್ಲ.

ಖಾದರ್‌ ಗ್ಯಾರೇಜಿನಲ್ಲಿ ಇಳಿದವನು ಬೆಂಚಿನ ಮೇಲೆ ಅಡ್ಡಾದ. "ಬಿಚ್ಚಿಬಿಡಿ ಭಾಯ್. ಎರಡೂ ಕಡೇ ಹೆಚ್ಚಿನ ಪ್ಲೇಟು. ಈಗ್ಲೇ, ನನ್ ಕಣ್ ಮುಂದೇನೇ."

ಖಾದರ್ ಪಾನಾ ಎತ್ತಿಕೊಂಡ. ಅಷ್ಟರಲ್ಲಿ ಅವನ ಹೆಂಡತಿ ಬಷೀರಾಬಿ ಊಟದ ಬುತ್ತಿ ಹಿಡಿದು, ಕುಂಟುತ್ತಾ, ಗೋಡೆ ಹಿಡಿಯುತ್ತಾ ಬಂದಳು. ಚಿಕ್ಕಸಿದ್ದಮ್ಮ ಅವಳನ್ನು ಕೂರಿಸಿಕೊಂಡು ಕೆರೆ ಏರಿಯ ಕಥೆ ಶುರುಮಾಡಿದಳು. ಖಾದರ್ ಪೂರ್ತಿ ಕೇಳಿದ. ಹೆಂಡತಿಯ ಮುಖ ನೋಡಿದ. ಪಾನಾ ಕೆಳಗಿಟ್ಟ.

"ಸ್ವಾಮಣ್ಣ," ಎಂದ ಮೆಲ್ಲಗೆ, "ಇವಳಿಗೆ ಎರಡು ವರ್ಷದಿಂದ ಕಾಲು ಸೆಳೆತ. ಬಿಚ್ಚೋದು ಹೇಗಿದ್ರೂ ಬಿಚ್ಚೋಣ. ಅದಕ್ಕೆ ಮುಂಚೆ ಒಂದು ಹದಿನೈದು ದಿನ…"

ಬಷೀರಾಬಿ ಅಷ್ಟರಲ್ಲಾಗಲೇ ಚಿಕ್ಕಸಿದ್ದಮ್ಮನ ಹಿಂದೆಯೇ ಗಾಡಿ ಹತ್ತಿ, ಅವಳ ಪಕ್ಕ ಕೂತು, ಸೆರಗು ಸರಿಮಾಡಿಕೊಂಡಾಗಿತ್ತು. ವೀರಭದ್ರಸ್ವಾಮಿ ಬೆಂಚಿನಿಂದ ಒಂದೊಂದೇ ಮೂಳೆ ಎಣಿಸುತ್ತಾ ಎದ್ದು, ಸ್ಟೇರಿಂಗ್ ಹಿಡಿದು, ಕೀಲಿ ತಿರುಗಿಸಿದ.

"ಒಳ್ಳೇ ರೋಡಲ್ಲಿ ಕರ್ಕೊಂಡೋಗಿ ಮೋಸ ಮಾಡ್ಬೇಡಿ ಅಣ್ಣಾ," ಎಂದಳು ಬಷೀರಾಬಿ.