ವೆಂಡೆಲ್ ಗೆಲ್ಲಿಸಿದ ಅಡುಗೆ ಪುಸ್ತಕ

ಅಯೋವಾದ ವೆಸ್ಟ್ ಆಲ್ಡೆನ್ ಊರಿನ ಲೈಬ್ರರಿಯಲ್ಲಿ ಅಡುಗೆ ಪುಸ್ತಕದವರ ಕೂಟವೊಂದಿದೆ. ಪ್ರತಿ ಫೆಬ್ರವರಿಯಲ್ಲಿ ಕೂಟದವರು ಕೈಯೆತ್ತಿ ಒಂದು ಪುಸ್ತಕ ಆರಿಸುತ್ತಾರೆ. ಮುಂದಿನ ಫೆಬ್ರವರಿಯವರೆಗೆ ಎಲ್ಲರ ಮನೆಯಲ್ಲೂ ಅದರ ಪ್ರಕಾರವೇ ಅಡುಗೆಯಾಗಬೇಕು. ಉಳಿದವರು ಈಸ್ಟರ್ ಬರುವಷ್ಟರಲ್ಲಿ ಮರೆತುಬಿಡುತ್ತಾರೆ. ಕೂಟದ ಮಾರ್ಲಿಸ್ ಮಾತ್ರ ಮರೆಯುವವರ ಪೈಕಿ ಅಲ್ಲ. ಹೋದ ವರ್ಷ ಎಲ್ಲವನ್ನೂ ಹುಳಿ ಬರಿಸಿ ತಿನ್ನುವ ಪುಸ್ತಕ ಗೆದ್ದಿತ್ತು. ಅವಳ ಗಂಡ ವೆಂಡೆಲ್ ವರ್ಷವಿಡೀ ಹುಳಿ ಎಲೆಕೋಸು ತಿಂದ. ಆ ವಾಸನೆ ತಡೆಯಲಾರದೆ ಅವರ ನಾಯಿ ಪಕ್ಕದ ಡ್ವೇನ್ ಮನೆಗೆ ಹೋಗಿ ಮಲಗತೊಡಗಿತು.

ಈ ಸಲ ಕಣದಲ್ಲಿ ಎರಡು ಪುಸ್ತಕಗಳಿದ್ದವು. ಮಾರ್ಲಿಸ್ ಇಂಡಿಯಾದ ಮನೆ ಅಡುಗೆಯ ಪುಸ್ತಕ ಹಿಡಿದಿದ್ದಳು. ಲೈಬ್ರರಿಯ ಹಿರಿಯಾಕೆ ಓಪಲ್ ದೇಶವಿದೇಶದ ಅಡುಗೆಯೆಲ್ಲ ಇರುವ ದಪ್ಪ ಪುಸ್ತಕ ಹಿಡಿದಿದ್ದರು. ಒಂದೊಂದರಿಂದ ಒಂದೊಂದು ಅಡುಗೆ ಮಾಡಿ ತರಬೇಕು, ಎಲ್ಲರೂ ತಿಂದು ನೋಡಿ ಓಟು ಹಾಕಬೇಕು.

ವೆಂಡೆಲ್‌ಗೆ ಖಾರವೆಂದರೆ ಪ್ರಾಣಭಯ. ಜೋಳದ ಗೋದಾಮಿನಲ್ಲಿ ಲಾರಿ ತೂಗುವ ಗಟ್ಟಿ ಆಳು, ಆದರೆ ಮೊಟ್ಟೆಯ ಮೇಲೆ ಕಾಳುಮೆಣಸು ಉದುರಿಸಿದರೂ ಹಣೆ ಬೆವರುತ್ತಿತ್ತು. ಇಂಡಿಯಾ ಪುಸ್ತಕದ ರಟ್ಟಿನ ಮೇಲೆ ಕೆಂಪು ಮೆಣಸಿನಕಾಯಿಯ ರಾಶಿಯ ಚಿತ್ರವಿತ್ತು. ಅದನ್ನು ನೋಡಿದ ದಿನದಿಂದ ಅವನಿಗೆ ಸರಿಯಾಗಿ ನಿದ್ದೆಯಿಲ್ಲ. ಹುಳಿಯ ವರ್ಷವನ್ನು ಹೇಗೋ ಕಳೆದಿದ್ದ, ಖಾರದ ವರ್ಷ ದಾಟುವ ಭರವಸೆ ಅವನಿಗಿರಲಿಲ್ಲ.

ಕೂಟದ ದಿನ ಬೆಳಿಗ್ಗೆ ಓಪಲ್ ಫೋನ್ ಮಾಡಿದರು. ಮೂಗು ಕಟ್ಟಿ ಮಾತೇ ಹೊರಡುತ್ತಿರಲಿಲ್ಲ.

"ಮಾರ್ಲಿಸ್‌ಗೆ ಹೇಳಪ್ಪ, ನನ್ನ ಕೈಲಿ ಅಡುಗೆ ಆಗಲ್ಲ. ಈ ಸಲ ಅವಳ ಪುಸ್ತಕನೇ ಇಟ್ಕೊಳ್ಳಲಿ."

ವೆಂಡೆಲ್ ಅವಸರವಾಗಿ ತಡೆದ. "ಹಾಗೆಲ್ಲ ಬಿಟ್ಟುಕೊಡಬೇಡಿ. ನಿಮ್ಮ ಪುಸ್ತಕದ ಪರವಾಗಿ ನಾನ್ ಮಾಡ್ತೀನಿ."

"ನೀನಾ? ನಿನಗೆ ನೀರು ಕಾಯಿಸೋಕೆ ಬರುತ್ತೇನಪ್ಪ?"

"ಅಮೆರಿಕದ ಅಧ್ಯಾಯದಲ್ಲಿ ಚಿಲಿ ಇದೆಯಲ್ಲ, ಅದನ್ನ ಮಾಡ್ತೀನಿ."

ಚಿಲಿ ಎಂದರೆ ಕೊಚ್ಚಿದ ದನದ ಮಾಂಸ, ರಾಜ್ಮಾ, ಟೊಮೆಟೊ ಹಾಕಿ ಕುದಿಸಿದ ಗಟ್ಟಿ ಸಾರು. ಈ ಊರಿನ ಶಾಲೆಗಳಲ್ಲಿ ಮಕ್ಕಳಿಗೆ ಅದನ್ನು ದಾಲ್ಚಿನ್ನಿ ಬನ್ನಿನ ಜೊತೆ ಬಡಿಸುತ್ತಾರೆ. ಮೆಣಸಿನಕಾಯಿ ಇರುವುದು ಹೆಸರಿನಲ್ಲಿ ಮಾತ್ರ.

ಮಾರ್ಲಿಸ್ ತನ್ನ ಅಡುಗೆ ಮುಗಿಸಿ, ಮುಚ್ಚಿದ ಪಾತ್ರೆ ಹೊತ್ತು, ಮೇಜು ಜೋಡಿಸಲು ಮೊದಲೇ ಲೈಬ್ರರಿಗೆ ಹೋಗಿದ್ದಳು. ಆ ಮುಚ್ಚಳ ತೆಗೆದು ನೋಡುವ ಧೈರ್ಯ ವೆಂಡೆಲ್‌ಗೆ ಬಂದಿರಲಿಲ್ಲ. ಅವನ ಚಿಲಿ ಕುದಿಯುವ ಹೊತ್ತಿಗೆ ಡ್ವೇನ್ ವಾಸನೆ ಹಿಡಿದು ಹಿಂಬಾಗಿಲಿನಿಂದ ಒಳಗೆ ಬಂದ.

"ಏನಯ್ಯಾ, ಏಪ್ರನ್ ಕಟ್ಕೊಂಡಿದೀಯ? ಹೆಂಡತಿ ಬಿಟ್ಟು ಹೋದ್ಲಾ?"

"ಸುಮ್ನಿರು ಮಾರಾಯ. ಕಾಲು ಕಪ್ ಚಿಲಿ ಪೌಡರ್ ಹಾಕು ಅಂತ ಪುಸ್ತಕದಲ್ಲಿದೆ, ಡಬ್ಬಿ ನೋಡಿದ್ರೆ ಖಾಲಿ."

"ಕಣ್ಣೆದುರಿಗೇ ಇಟ್ಕೊಂಡು ಹುಡುಕ್ತಿದೀಯಲ್ಲೋ." ಡ್ವೇನ್ ಕಪಾಟಿನ ಮೇಲಿದ್ದ, ಒಡೆಯದ ಪೊಟ್ಟಣ ತೋರಿಸಿದ. ಚಿಲಿ ಪೌಡರ್ ಎಂದೇ ಬರೆದಿತ್ತು.

"ಅದು ಮಾರ್ಲಿಸ್ ಇಂಡಿಯಾ ಅಂಗಡಿಯಿಂದ ತಂದಿದ್ದು."

"ಆದ್ರೇನು? ಸಕ್ಕರೆ ಯಾವ ಅಂಗಡೀದಾದ್ರೂ ಸಿಹಿ ತಾನೆ?"

ವೆಂಡೆಲ್‌ಗೂ ಹೌದೆನ್ನಿಸಿತು. ಪಾಪ, ಅವನು ಹುಟ್ಟಿದಾಗಿನಿಂದ ಕಂಡ ಚಿಲಿ ಪೌಡರ್‌ನಲ್ಲಿ ಜೀರಿಗೆ, ಬೆಳ್ಳುಳ್ಳಿ, ಒಣಸೊಪ್ಪಿನ ಪುಡಿಯದೇ ಕಾರುಬಾರು, ಖಾರ ನೆಪಕ್ಕಷ್ಟೆ. ಈ ಪೊಟ್ಟಣದಲ್ಲಿದ್ದದ್ದು ಗುಂಟೂರಿನ ಅಪ್ಪಟ ಖಾರದ ಪುಡಿ. ಅವನು ಕಾಲು ಕಪ್ ತುಂಬಿ ಸುರಿದ. ಬಣ್ಣ ಸಾಲದೆಂದು ಡ್ವೇನ್ ತನ್ನ ಲೆಕ್ಕದಲ್ಲಿ ಇನ್ನೊಂದಿಷ್ಟು ಸುರಿದ. ಇಬ್ಬರೂ ಸೀನಿದರು, ಚಳಿಗಾಲದ ನೆಗಡಿಯನ್ನು ಬೈದುಕೊಂಡರು. ರುಚಿ ನೋಡಲು ವೆಂಡೆಲ್ ಚಮಚ ಹುಡುಕುವಷ್ಟರಲ್ಲಿ, ಹೊತ್ತಾಯಿತೆಂದು ಡ್ವೇನ್ ಪಾತ್ರೆಯನ್ನು ಗಾಡಿಗೆ ಹೊತ್ತೊಯ್ದುಬಿಟ್ಟ.

ಲೈಬ್ರರಿಯಲ್ಲಿ ಮಾರ್ಲಿಸ್ ತನ್ನ ಪಾತ್ರೆಯ ಮುಚ್ಚಳ ತೆಗೆದಳು. ಒಳಗಿದ್ದದ್ದು ಮೊಸರನ್ನ.

ವೆಂಡೆಲ್ ಭಯದಿಂದಲೇ ಒಂದು ಚಮಚ ಬಾಯಿಗಿಟ್ಟ. ತಣ್ಣಗಿತ್ತು, ಮೆತ್ತಗಿತ್ತು, ಎಲ್ಲೂ ಕುಟುಕಲಿಲ್ಲ. ಅಷ್ಟು ಹಿತವಾದದ್ದನ್ನು ಅವನು ತಿಂದು ಎಷ್ಟೋ ಕಾಲವಾಗಿತ್ತು.

"ಇದು ಇಂಡಿಯಾದ್ದಾ? ಮೆಣಸಿನಕಾಯಿ ಎಲ್ಲಿ?"

"ಈ ಪುಸ್ತಕದಲ್ಲಿ ಅರ್ಧಕ್ಕರ್ಧ ಖಾರ ಇಲ್ಲದ ಅಡುಗೇನೇ ಕಣೋ. ನಿನ್ನ ಹೊಟ್ಟೆ ನೋಡ್ಕೊಂಡೇ ಇದನ್ನ ಹುಡುಕಿದ್ದು. ಆ ಖಾರದ ಪೊಟ್ಟಣ ಒಡೆಯೋಕೂ ಹೋಗ್ಲಿಲ್ಲ ನಾನು."

ತಾನು ಚಿಲಿಗೆ ಸುರಿದ ಪೊಟ್ಟಣ ವೆಂಡೆಲ್‌ಗೆ ನೆನಪಾಯಿತು. ಇಂಡಿಯಾ ಪುಸ್ತಕಕ್ಕೇ ಕೈಯೆತ್ತುವುದೆಂದು ಆ ಕ್ಷಣವೇ ನಿಶ್ಚಯಿಸಿದ.

ಅಷ್ಟರಲ್ಲಿ ರೋಲಂಡ್ ಚಿಲಿ ಬಡಿಸಿಕೊಂಡಿದ್ದ. ಊರಿನ ಬೆಂಕಿ ಆರಿಸುವ ದಳಕ್ಕೆ ಬಹುಕಾಲ ಮುಖ್ಯಸ್ಥನಾಗಿದ್ದವನು. ಮೊದಲ ಚಮಚಕ್ಕೇ ಅವನ ಮುಖ ಅವನ ಹಳೇ ಬೆಂಕಿ ಗಾಡಿಯ ಬಣ್ಣಕ್ಕೆ ತಿರುಗಿತು. ಇನ್ನೊಬ್ಬರ ಅಡುಗೆಯನ್ನು ಚೆನ್ನಾಗಿಲ್ಲ ಎನ್ನುವ ರೂಢಿ ಈ ಊರಿಗಿಲ್ಲ. ತೀರಾ ನುಂಗಲಾಗದಿದ್ದರೆ "ಬೇರೆ ಥರ ಇದೆ" ಎನ್ನುತ್ತಾರೆ. ರೋಲಂಡ್‌ಗೆ ಅದನ್ನೂ ಹೇಳಲಾಗಲಿಲ್ಲ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ತಿಳಿದು ಕಣ್ಣೊರೆಸಿಕೊಂಡ.

"ಚಿಲಿ ಅಂದ್ರೆ ಇದು," ಎಂದು ಕೀರಲು ದನಿಯಲ್ಲಿ ಹೇಳಿ, ಇನ್ನೊಂದು ಚಮಚ ತಿಂದ.

ಆಮೇಲೆ ಯಾವ ಗಂಡಸೂ ಚಮಚ ಕೆಳಗಿಡುವಂತಿರಲಿಲ್ಲ. ಡ್ವೇನ್ ಎರಡೂ ಕೈಯಲ್ಲಿ ಬನ್ನು ಹಿಡಿದು ಅಳುತ್ತ ತಿಂದ. ಕೊನೆಗೆ ಓಪಲ್ ಬಂದು ತುಸು ತಿಂದರು, ಸ್ವಲ್ಪ ಹೊತ್ತು ಅಲ್ಲಾಡದೆ ನಿಂತರು, ಮೂಗಿನಿಂದ ದೀರ್ಘವಾಗಿ ಉಸಿರೆಳೆದುಕೊಂಡರು.

"ಮೂಗು ಬಿಡ್ತು ಕಣ್ರಪ್ಪ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದಿಂದ ಕಟ್ಕೊಂಡಿತ್ತು."

ಫೆಬ್ರವರಿಯಲ್ಲಿ ನೆಗಡಿಯಿಲ್ಲದವರು ಯಾರಿದ್ದಾರೆ? ಪಾತ್ರೆಯ ಮುಂದೆ ಸಾಲು ನಿಂತಿತು. ಓಟಿನ ಹೊತ್ತಿಗೆ ಕೈಗಳೆಲ್ಲ ಓಪಲ್ ಪುಸ್ತಕಕ್ಕೆ ಎದ್ದವು. ವೆಂಡೆಲ್ ಮಾತ್ರ ಕೈ ಕಟ್ಟಿಕೊಂಡಿದ್ದ. ಅದನ್ನು ಕಂಡ ಡ್ವೇನ್, "ನಿನ್ನ ಅಡುಗೆಗೆ ನೀನೇ ಓಟು ಹಾಕೋಕೆ ನಾಚಿಕೆ ಯಾಕೋ?" ಎಂದು ಅವನ ಮಣಿಕಟ್ಟು ಹಿಡಿದು ಮೇಲೆತ್ತಿದ.

ಮಾರ್ಲಿಸ್ ಚಿಲಿಯ ಬಟ್ಟಲು ಹಿಡಿದು ಗಂಡನ ಹತ್ತಿರ ಬಂದಳು. ಅವಳ ಕಣ್ಣಲ್ಲಿ ನೀರಿತ್ತು. "ನಿನಗೆ ಆಗಲ್ಲ ಅಂತ ಇಷ್ಟು ವರ್ಷ ನಾನೂ ಸಪ್ಪೆ ತಿಂದ್ಕೊಂಡು ಬಂದೆ. ಖಾರ ಇಷ್ಟ ಅಂತ ಒಂದು ಮಾತು ಹೇಳಬಾರದಿತ್ತಾ?"

ಮದುವೆಯ ದಿನದಿಂದೀಚೆಗೆ ಅವಳು ಅವನನ್ನು ಹಾಗೆ ನೋಡಿರಲಿಲ್ಲ. ಪೊಟ್ಟಣದ ಕತೆ ಹೇಳಲು ಬಾಯಿ ತೆರೆದ. ತೆರೆದ ಬಾಯಿಗೆ ಅವಳು ಒಂದು ಚಮಚ ಚಿಲಿ ಇಟ್ಟಳು.

ನುಂಗಿದ. ಕಿವಿಯೊಳಗೆ ಚರ್ಚಿನ ಗಂಟೆ ಬಾರಿಸಿದಂತಾಯಿತು. ಆದರೂ ಅವಳ ಮುಖ ನೋಡಿದರೆ ಸಂತೋಷವೇ ಆಯಿತು.

"ಹೇಳೋಣ ಅಂತಾನೇ ಇದ್ದೆ," ಎಂದ.

ಮನೆಗೆ ಹೋಗುವಾಗ ಅವಳು ಕಾರು ಓಡಿಸುತ್ತ ಲೆಕ್ಕ ಹಾಕಿದಳು. "ನಾಳೆ ಮೆಕ್ಸಿಕೊದಿಂದ ಶುರು. ಆಮೇಲೆ ಥಾಯ್ಲೆಂಡ್. ನಾನು ತಂದಿದ್ದ ಆ ಖಾರದ ಪುಡಿ ಇನ್ನೂ ನಾಲ್ಕು ಪೊಟ್ಟಣ ತಂದ್ಬಿಡ್ತೀನಿ."

"ತಂದ್ಬಿಡು," ಎಂದ ವೆಂಡೆಲ್. ಉಳಿದ ಮೊಸರನ್ನದ ಪಾತ್ರೆ ಅವನ ತೊಡೆಯ ಮೇಲಿತ್ತು. ಮುಂದಿನ ಫೆಬ್ರವರಿ ದೂರವಿದ್ದದ್ದರಿಂದ, ಬಹಳ ನಿಧಾನವಾಗಿ ತಿನ್ನುತ್ತಿದ್ದ.