ಹಿಮ್ಮುಖವಾಗಿಯೇ ಹತ್ತತಕ್ಕದ್ದು

“ಅತ್ತೆ, ನೀವೇನೂ ಯೋಚನೆ ಮಾಡ್ಬೇಡಿ. ಶನಿವಾರ ನಾನೇ ಕಾರು ತಂದು ಕರ್ಕೊಂಡು ಹೋಗ್ತೀನಿ.”

ಫೋನಿನಲ್ಲಿ ಈ ಮಾತು ಬಾಯಿಂದ ಜಾರಿದ ಕ್ಷಣವೇ ಗುಮಾಸ್ತರು ನಾಲಿಗೆ ಕಚ್ಚಿಕೊಂಡರು. ಅತ್ತೆಯ ಮನೆ ಅಳಿವೆಯ ಆಚೆ ದಡದಲ್ಲಿ. ಅವರ ಕಣ್ಣಿನ ಪೊರೆ ನೋಡಬೇಕಿದ್ದ ಡಾಕ್ಟರು ಈಚೆ ದಡದಲ್ಲಿ, ಶನಿವಾರ ಮಧ್ಯಾಹ್ನ ಎರಡು ಗಂಟೆಗೆ. ನಡುವೆ ಫೆರಿ. ಫೆರಿಗೆ ಕಾರು ಹತ್ತಿಸಬೇಕು.

ಆದರೂ ಮಾತು ವಾಪಸ್ ತೆಗೆದುಕೊಳ್ಳುವ ಹಾಗಿರಲಿಲ್ಲ. ಹೆಂಡತಿಯ ತಂಗಿಯ ಗಂಡ, ಅಂದರೆ ಅವರ ಷಡ್ಡಕ, ಅತ್ತೆಯ ಮನೆಯ ಪಕ್ಕದ ಬೀದಿಯಲ್ಲೇ ಇದ್ದ. ಅತ್ತೆಗೆ ಮಾತ್ರೆ ತಂದುಕೊಟ್ಟರೆ ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಂಡು, ಕೊನೆಗೆ ಗುಮಾಸ್ತರ ಕಡೆ ತಿರುಗಿ, “ಪಾಪ, ಭಾವನಿಗೆ ಕಚೇರಿ ಕೆಲಸ ಜಾಸ್ತಿ” ಅನ್ನುತ್ತಿದ್ದ. ಹದಿನೇಳು ವರ್ಷ ಆ ‘ಪಾಪ’ವನ್ನು ನುಂಗಿದ ಮೇಲೆಯೇ ಗುಮಾಸ್ತರು ಇಪ್ಪತ್ತು ದಿನದ ಹಿಂದೆ ಮೂರು ಕೈ ದಾಟಿದ ಒಂದು ಕಾರು ಕೊಂಡದ್ದು. ಈ ಸಲ ಅತ್ತೆ ದೊಡ್ಡಳಿಯನ ಕಾರಿನಲ್ಲೇ ಹೋಗಬೇಕು. ಇದರಲ್ಲಿ ಬದಲಿಲ್ಲ.

ತೊಂದರೆ ಒಂದೇ. ಗುಮಾಸ್ತರಿಗೆ ಕಾರನ್ನು ಮುಂದಕ್ಕೆ ಓಡಿಸಲು ಬರುತ್ತಿತ್ತು, ಹಿಂದಕ್ಕೆ ಬರುತ್ತಿರಲಿಲ್ಲ. ತಪ್ಪು ಗಲ್ಲಿಗೆ ನುಗ್ಗಿದರೆ ಆ ಗಲ್ಲಿ ಎಲ್ಲಿ ಮುಗಿಯುತ್ತದೋ ಅಲ್ಲಿಯವರೆಗೆ ಹೋಗಿ, ಊರು ಸುತ್ತಿ ಬರುತ್ತಿದ್ದರು. ಕಾರನ್ನು ಮನೆಯ ಅಂಗಳಕ್ಕೆ ತಂದದ್ದೇ ಇಲ್ಲ. ತಂದರೆ ಹೊರಗೆ ತೆಗೆಯುವವರು ಯಾರು?

ಫೆರಿಗಾದರೋ ವಾಹನವನ್ನು ಹಿಂದಕ್ಕೇ ಹತ್ತಿಸಬೇಕು. ಇದು ಗುಮಾಸ್ತರಿಗಿಂತ ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ. ಏಕೆಂದರೆ ಬಂದರು ಕಚೇರಿಯ ಮಹಡಿಯಲ್ಲಿ ಕೂತು, ಆರು ವರ್ಷದ ಹಿಂದೆ, ಆ ನಿಯಮವನ್ನು ಬರೆದವರು ಅವರೇ. ಆಗಿನ ಫೆರಿಗೆ ಇದ್ದದ್ದು ಒಂದೇ ಬಾಗಿಲು. ಮೂತಿ ಮುಂದಾಗಿ ಹತ್ತಿದ ಗಾಡಿಗಳು ಇಳಿಯುವಾಗ ಹಿಂದಕ್ಕೆ ಬಂದು ಗೋಜಲಾಗುತ್ತಿತ್ತು. ಗುಮಾಸ್ತರು ಹನ್ನೊಂದು ಸಲ ತಿದ್ದಿ ಬರೆದರು: ‘ಸಕಲ ವಾಹನಗಳೂ ಹಿಮ್ಮುಖವಾಗಿಯೇ ಹತ್ತತಕ್ಕದ್ದು. ವಾಹನವನ್ನು ತಂದವರೇ ಹತ್ತಿಸತಕ್ಕದ್ದು, ಅನ್ಯರು ಮುಟ್ಟತಕ್ಕದ್ದಲ್ಲ.’

ಹಾಗೆ ಹನ್ನೊಂದು ಸಲ ನೋಡದೆ ಯಾವ ಕಾಗದವನ್ನೂ ಅವರು ಬಿಟ್ಟವರಲ್ಲ. ಸೋಮಾರಿತನವಲ್ಲ ಅದು, ತಪ್ಪಾದೀತೆಂಬ ಭಯ. ಮೇಜಿನ ಎಡಗಡೆ ‘ಇನ್ನೊಮ್ಮೆ ನೋಡಬೇಕು’ ಎಂಬ ಕಡತಗಳ ಗುಡ್ಡೆಯೇ ಇತ್ತು. ಫೆರಿಯ ಬಾಗಿಲುಗಳ ಬಗ್ಗೆ ಬಂದಿದ್ದ ತೆಳ್ಳಗಿನ ಕಡತವೊಂದು ಬಣ್ಣ ಬಳಿಸುವ ವಿಷಯವಿರಬೇಕು ಎಂಬ ಅವರ ಊಹೆಯಿಂದಾಗಿ, ಬಿಡುವಾದ ದಿನಕ್ಕಾಗಿ ಅಲ್ಲೇ ಕಾಯುತ್ತಿತ್ತು.

ಶನಿವಾರ ಹತ್ತೂಕಾಲಿಗೆ ಗುಮಾಸ್ತರು ಇಸ್ತ್ರಿ ಮಾಡಿದ ಶರ್ಟು ತೊಟ್ಟು ಫೆರಿ ನಿಲ್ಲುವ ಧಕ್ಕೆಗೆ ಬಂದರು. ಹತ್ತೂವರೆಯ ಫೆರಿ ಬಾಗಿಲು ಚಾಚಿ ನಿಂತಿತ್ತು. ಧಕ್ಕೆಯ ಮೇಲೆ ಅವರ ಗುರುತು ಯಾರಿಗೂ ಇರಲಿಲ್ಲ. ಅತ್ತೆಯ ಮನೆಗೆ ಹೋಗುವಾಗಲೆಲ್ಲ ಅವರು ಜನ ಹತ್ತುವ ಸಣ್ಣ ದೋಣಿಯಲ್ಲೇ ಹೋಗಿ ಬಂದವರು.

“ರಿವರ್ಸ್ ತಗೊಳ್ಳಿ ಸಾರ್!” ಎಂದು ಟಿಕೆಟಿನವನು ಸೀಟಿ ಊದಿದ.

ಗುಮಾಸ್ತರು ಉಸಿರೆಳೆದುಕೊಂಡು ಗೇರು ಹಾಕಿದರು. ಕಾರು ಕೊಡೆ ಕಂಡ ಎಮ್ಮೆಯ ಹಾಗೆ ಅಡ್ಡಕ್ಕೆ ತಿರುಗಿತು.

ಅಷ್ಟು ಸಾಕಾಯಿತು. ಧಕ್ಕೆಯ ಮೇಲಿದ್ದವರೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ಕಾರಿನ ಸುತ್ತ ನೆರೆದರು.

“ಬರ್ಲಿ, ಬರ್ಲಿ, ಬರ್ಲಿ... ಎಡಕ್ಕೆ ಹೊಡೀರಿ!” ಎಂದ ಸಿಮೆಂಟ್ ಲಾರಿಯ ಡ್ರೈವರ್.

“ಎಡಕ್ಕಲ್ಲ ಕಣ್ರೀ, ಬಲಕ್ಕೆ!” ಎಂದು ನಿವೃತ್ತ ಮೇಷ್ಟ್ರೊಬ್ಬರು ಕೊಡೆಯಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದರು. “ಚಕ್ರ ಎಡಕ್ಕೆ ಹೋದ್ರೆ ಹಿಂಭಾಗ ಎಲ್ಲಿಗೆ ಹೋಗತ್ತೆ? ಹೇಳಿ ನೋಡೋಣ!”

ಗುಮಾಸ್ತರು, ಇಬ್ಬರಿಗೂ ಬೇಸರವಾಗಬಾರದೆಂದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿದರು. ಕಾರು ಹೋಗಿ ಮೀನು ಮಾರುವ ಹೆಂಗಸಿನ ಬುಟ್ಟಿಗೆ ಒರಗಿ ನಿಂತಿತು.

“ಹೋಲ್ಡಾನ್! ಹೋಲ್ಡಾನ್!” ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

“ನೋಡ್ಕೊಂಡು ಬಾರಣ್ಣ!” ಎಂದಳು ಆಕೆ. “ಸತ್ತಿರೋ ಮೀನನ್ನ ಇನ್ನೊಂದ್ಸಲ ಸಾಯಿಸ್ತೀಯಾ?”

ಹತ್ತೂವರೆಯ ಫೆರಿ ಹೊರಟುಹೋಯಿತು. ಹಿಂದೆಯೇ ಫೋನು ಬಂತು. ಹೆಂಡತಿ ಹಿಂದಿನ ದಿನವೇ ತವರಿಗೆ ಹೋಗಿದ್ದರು.

“ಎಲ್ಲಿದ್ದೀರಿ?”

“ಧಕ್ಕೇಲಿ.”

“ಅಮ್ಮ ಹೊಸ ಸೀರೆ ಉಟ್ಕೊಂಡು ಬಾಗಿಲಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ದಾರೆ. ಹನ್ನೆರಡೂವರೆ ತನಕ ಕಾಯ್ತಾರಂತೆ. ಆಮೇಲೆ ತಂಗಿ ಗಂಡ ಕರ್ಕೊಂಡು ಹೋಗ್ತಾನಂತೆ. ಅವನು ಆಗ್ಲೇ ಬಂದು ಕೂತಿದ್ದಾನೆ.”

“ನಗ್ತಾ ಇದ್ದಾನಾ?”

“ಕಾಫಿ ಕುಡೀತಾ ಇದ್ದಾನೆ. ಮಧ್ಯೆ ಮಧ್ಯೆ ನಗ್ತಾನೆ.”

ಗುಮಾಸ್ತರು ಶರ್ಟಿನ ಒಂದು ತೋಳು ಮಡಚಿದರು.

ಹನ್ನೊಂದೂವರೆಯ ಫೆರಿ ಬಂದಾಗ ಲಾರಿ ಡ್ರೈವರ್ ಕಿಟಕಿಗೆ ಬಗ್ಗಿದ. “ಸಾರ್, ಕೀ ಕೊಡಿ. ಎರಡೇ ನಿಮಿಷ, ನಾನು ಹತ್ತಿಸಿಕೊಡ್ತೀನಿ.”

ಟಿಕೆಟಿನವನೂ, “ಕೊಡಿ ಸಾರ್, ನಾನು ಆ ಕಡೆ ನೋಡ್ತಾ ಇರ್ತೀನಿ” ಎಂದ.

ಗುಮಾಸ್ತರ ಕೈ ಕೀಲಿಯವರೆಗೆ ಹೋಯಿತು. ಅಷ್ಟರಲ್ಲಿ ಕಾರಿನ ಹಿಂದೆ, ಫೆರಿಯ ಪಕ್ಕ ನೆಟ್ಟಿದ್ದ ನಿಯಮದ ಬೋರ್ಡು ಕಣ್ಣಿಗೆ ಬಿತ್ತು. ‘ಅನ್ಯರು ಮುಟ್ಟತಕ್ಕದ್ದಲ್ಲ.’ ತನ್ನದೇ ವಾಕ್ಯ. ಬರೆದವನೇ ಮುರಿದರೆ ಓದುವವರು ಏನು ಮಾಡಿಯಾರು? ಕೈ ಹಿಂದಕ್ಕೆ ಬಂತು.

“ಬೇಡಪ್ಪ. ನಿಯಮ ಅಂದ್ಮೇಲೆ ನಿಯಮ.”

“ಯಾವ ಪುಣ್ಯಾತ್ಮ ಬರೆದನೋ ಆ ನಿಯಮ!” ಎಂದ ಲಾರಿ ಡ್ರೈವರ್. “ಜನ್ಮದಲ್ಲಿ ಸೈಕಲ್ ತುಳಿದವನಲ್ಲ ಅಂತ ಕಾಣತ್ತೆ.”

“ಭಾಷೆ ಮಾತ್ರ ಚೆನ್ನಾಗಿದೆ” ಎಂದರು ಮೇಷ್ಟ್ರು.

ಗುಮಾಸ್ತರಿಗೆ ಒಂದು ಕಿವಿ ಬಿಸಿಯಾಗಿ ಇನ್ನೊಂದು ತಂಪಾಯಿತು. ಆ ಗೊಂದಲದಲ್ಲೇ ಕಾಲು ಒತ್ತಿದರು. ಕಾರು ಗುಂಡು ಹೊಡೆದ ಹಾಗೆ ಹಿಂದಕ್ಕೆ ನುಗ್ಗಿ ನೇರ ಬೋರ್ಡಿಗೇ ಬಡಿಯಿತು. ಬೋರ್ಡು ಒಂದು ಕ್ಷಣ ಯೋಚಿಸಿ, ಮರ್ಯಾದೆಯಿಂದ ಮುಂದಕ್ಕೆ ಬಾಗಿ, ಡಿಕ್ಕಿಯ ಮೇಲೆ ಮಲಗಿತು.

ಅದನ್ನೆತ್ತಿ ನಿಲ್ಲಿಸಿ, ಕಾಲಿಗೆ ಕಲ್ಲು ಕೊಟ್ಟು, ಕರವಸ್ತ್ರದಿಂದ ಧೂಳು ಒರೆಸುವಷ್ಟರಲ್ಲಿ ಹನ್ನೊಂದೂವರೆಯದೂ ಹೋಗಿತ್ತು.

“ಅಲ್ಲ, ಆ ಸಣ್ಣ ದೋಣೀಲಿ ಹೋದ್ರೆ ಆಗಲ್ವಾ?” ಎಂದು ಮೇಷ್ಟ್ರು ಕನಿಕರದಿಂದ ಕೇಳಿದರು. “ಹೋಗಿ, ಅವರನ್ನ ಅದರಲ್ಲೇ ಕರ್ಕೊಂಡು ಬನ್ನಿ. ಹದಿನೈದು ನಿಮಿಷದ ದಾರಿ.”

“ಕಾರಲ್ಲಿ ಅಂತ ಮಾತು ಕೊಟ್ಟಿದ್ದೀನಿ” ಎಂದರು ಗುಮಾಸ್ತರು. ಶರ್ಟು ಬೆನ್ನಿಗೆ ಅಂಟಿತ್ತು. ಮುಖ ಕೆಂಪಾಗಿತ್ತು. ಆದರೆ ದನಿಯಲ್ಲಿ ಅಳುಕಿರಲಿಲ್ಲ. “ಇವತ್ತು ಹತ್ತಿಸಿಯೇ ಹೋಗೋದು.”

ಮೀನಿನ ಹೆಂಗಸು ಇಷ್ಟು ಹೊತ್ತೂ ಬುಟ್ಟಿಯ ಹಿಂದೆ ಕೂತು ನೋಡುತ್ತಿದ್ದಳು. ಹನ್ನೆರಡೂವರೆಯ ಫೆರಿ ಬಂದು ಬಾಗಿಲು ಚಾಚಿದ್ದೇ, ಎದ್ದು, ಬುಟ್ಟಿಯನ್ನು ಒಳಗೆ ಒಯ್ದು ನಡುಮಧ್ಯೆ ಇಟ್ಟಳು. ವಾಪಸ್ ಬಂದು ಕಿಟಕಿ ತಟ್ಟಿದಳು.

“ಅಣ್ಣ, ಇವರ್ಯಾರ ಮಾತೂ ಕೇಳ್ಬೇಡ. ಗಾಜು ಏರಿಸ್ಕೋ. ನಿನ್ ಕನ್ನಡೀಲಿ ನನ್ ಬುಟ್ಟಿ ಕಾಣತ್ತಾ?”

“ಕಾಣತ್ತಮ್ಮ.”

“ಅದು ನಡುವಲ್ಲೇ ಇರೋ ಹಾಗೆ ನೋಡ್ಕೊಂಡು ಮೆಲ್ಲಗೆ ಬಾ. ಹತ್ತಿರ ಬಂದಾಗ ನಿಲ್ಲಿಸು. ನಿಲ್ಲಿಸ್ದೇ ಇದ್ರೆ ಅಷ್ಟೂ ಮೀನು ನೀನೇ ಮನೆಗೆ ಹೊತ್ಕೊಂಡು ಹೋಗ್ಬೇಕು.”

ಗುಮಾಸ್ತರು ಗಾಜು ಏರಿಸಿದರು. ಹೊರಗೆ ಬಾಯಿಗಳು ಆಡುತ್ತಿದ್ದವು, ಕೈಗಳು ಬೀಸುತ್ತಿದ್ದವು, ಕೊಡೆ ಕುಣಿಯುತ್ತಿತ್ತು. ಒಳಗೆ ಒಂದು ಮಾತೂ ಕೇಳಿಸಲಿಲ್ಲ. ಜಗತ್ತಿನಲ್ಲಿ ಉಳಿದದ್ದು ಒಂದು ಬುಟ್ಟಿ ಮಾತ್ರ. ಕಾರು ಬಸವನಹುಳುವಿನ ಹಾಗೆ ಇಳಿಜಾರು ಇಳಿಯಿತು, ಕಬ್ಬಿಣದ ಹಲಗೆಯ ಮೇಲೆ ಟಣ್ಣೆಂದಿತು, ನೇರವಾಗಿ ಒಳಗೆ ಬಂದು, ಬುಟ್ಟಿಗೆ ಒಂದು ಗೇಣು ಉಳಿಸಿ ನಿಂತಿತು.

ಚಪ್ಪಾಳೆಯೋ ಚಪ್ಪಾಳೆ. ಲಾರಿ ಡ್ರೈವರ್ ಕಣ್ಣೊರೆಸಿಕೊಂಡ. ಮೇಷ್ಟ್ರು, “ನಾನು ಹೇಳಿದ ಹಾಗೇ ಬಲಕ್ಕೆ ಹೊಡೆದರು” ಎಂದು ಪಕ್ಕದವರಿಗೆ ಹೇಳಿದರು.

ಗುಮಾಸ್ತರು ಇಳಿದು ಹೆಂಡತಿಗೆ ಫೋನು ಹಚ್ಚಿದರು. ಅವರು ಎತ್ತಲಿಲ್ಲ. ಇರಲಿ, ಹೇಗೂ ಇಪ್ಪತ್ತು ನಿಮಿಷ. ಗುಮಾಸ್ತರು ಕಂಬಿ ಹಿಡಿದು, ಹದಿನೇಳು ವರ್ಷದಲ್ಲಿ ಮೊದಲ ಸಲ, ಎದೆಯುಬ್ಬಿಸಿ ನಿಂತರು.

ಅಳಿವೆಯ ನಡುವೆ ಬಂದದ್ದೇ ಫೆರಿ ನಿಂತಿತು. ಗೊರ್ರೆಂದು ನೊರೆ ಎಬ್ಬಿಸಿ, ಇದ್ದಲ್ಲೇ ನಿಧಾನವಾಗಿ ಸುತ್ತತೊಡಗಿತು. ದಡಗಳು ಎರಡೂ ಸುತ್ತಿದವು. ಗುಮಾಸ್ತರು ಗಾಬರಿಯಾಗಿ ಏಣಿ ಹತ್ತಿ ಕ್ಯಾಪ್ಟನ್ ಕೋಣೆಗೆ ಹೋದರು.

“ಏನಾಯ್ತು? ಕೆಟ್ಟುಹೋಯ್ತಾ?”

“ಫೆರಿ ಕೆಟ್ಟಿಲ್ಲ ಸಾರ್, ನಮ್ ಹಣೆಬರಹ ಕೆಟ್ಟಿದೆ” ಎಂದ ಕ್ಯಾಪ್ಟನ್. “ಎಂಟು ತಿಂಗಳ ಹಿಂದೆ ಬಂದ ಹೊಸ ಫೆರಿ ಇದು. ನೋಡಿ, ಆ ಕಡೆ ಒಂದು ಬಾಗಿಲು, ಈ ಕಡೆ ಒಂದು ಬಾಗಿಲು. ಮುಂದಕ್ಕೇ ಹತ್ತಿ, ಮುಂದಕ್ಕೇ ಇಳೀಬಹುದು. ಅದಕ್ಕೇ ತರಿಸಿದ್ದು. ಆದ್ರೆ ಕಚೇರಿ ನಿಯಮ ಇನ್ನೂ ಹಿಂದಕ್ಕೇ ಹತ್ತಿಸಿ ಅನ್ನತ್ತೆ. ಹಾಗೆ ಹತ್ತಿದ ಗಾಡಿ ಮುಂದಕ್ಕೆ ಇಳೀಬೇಕಂದ್ರೆ, ನಾನು ಇಡೀ ಫೆರೀನೇ ನೀರಲ್ಲಿ ತಿರುಗಿಸ್ಬೇಕು. ಸಲಕ್ಕೆ ಹತ್ತು ನಿಮಿಷ ದಂಡ.”

ಗುಮಾಸ್ತರು ಕಿಟಕಿಯ ಚೌಕಟ್ಟು ಹಿಡಿದುಕೊಂಡರು. “ಕಚೇರಿಗೆ... ಬರೀಬೇಕಿತ್ತು.”

“ಮೂರು ಸಲ ಬರ್ದೆ. ದೊಡ್ಡ ಸಾಹೇಬರು ಆಗ್ಲೇ ಒಪ್ಪಿದ್ದಾರಂತೆ. ಯಾರೋ ಒಬ್ಬ ಗುಮಾಸ್ತ ಸಹಿ ಹಾಕಿ ಕಳಿಸ್ಬೇಕಷ್ಟೆ. ಆಸಾಮಿ ಕಡತದ ಮೇಲೆ ಕೋಳಿ ಕಾವು ಕೂತ ಹಾಗೆ ಕೂತಿದ್ದಾನೆ. ಕೋಳಿಯಾದ್ರೂ ಇಪ್ಪತ್ತೊಂದು ದಿನಕ್ಕೆ ಏಳತ್ತೆ! ನಿಮಗೆ ಗೊತ್ತಾ ಸಾರ್ ಅವನು?”

“ಇಲ್ಲ” ಎಂದರು ಗುಮಾಸ್ತರು. ಫೆರಿಯ ಬಾಗಿಲುಗಳ ಆ ತೆಳ್ಳಗಿನ ಕಡತ ಮೇಜಿನ ಎಡಗಡೆಯಿಂದ ಅವರನ್ನೇ ನೋಡುತ್ತಿರುವಂತಾಯಿತು.

ಅಷ್ಟರಲ್ಲಿ ಕೆಳಗೆ ಟುಟುಟು ಸದ್ದು. ಸುತ್ತುತ್ತಿದ್ದ ಫೆರಿಯನ್ನು ಬಳಸಿಕೊಂಡು ಸಣ್ಣ ದೋಣಿಯೊಂದು ಎದುರಿನಿಂದ ಬರುತ್ತಿತ್ತು. ಮೂತಿಯಲ್ಲಿ ಷಡ್ಡಕ, ಕೊಡೆ ಹಿಡಿದು ನಿಂತಿದ್ದ. ಕೊಡೆಯ ಕೆಳಗೆ ಹೊಸ ಸೀರೆಯ ಅತ್ತೆ. ಪಕ್ಕದಲ್ಲಿ ಹೆಂಡತಿ, ನೀರನ್ನೇ ನೋಡುತ್ತ.

“ಓಹೋ ಭಾವ!” ಎಂದು ಷಡ್ಡಕ ಕೂಗಿದ. “ಹನ್ನೆರಡೂವರೆ ಆಗೋಯ್ತಲ್ಲ, ಅದಕ್ಕೇ ಹೊರಟ್ವಿ. ಪಾಪ, ನೀವ್ಯಾಕೆ ಸುತ್ತುತ್ತಾ ಇದ್ದೀರಿ?”

ಅತ್ತೆ ಪೊರೆ ಬಂದ ಕಣ್ಣಿಗೆ ಕೈ ಅಡ್ಡ ಹಿಡಿದು ದನಿ ಬಂದ ಕಡೆ ನೋಡಿದರು. “ದೊಡ್ಡಳಿಯನಾ? ಬೇಜಾರು ಮಾಡ್ಕೋಬೇಡಪ್ಪಾ! ಕಾರು ತಗೊಂಡು ಆಸ್ಪತ್ರೆ ಹತ್ರ ಬಂದ್ಬಿಡು. ವಾಪಸ್ ಹೋಗುವಾಗ ನಿನ್ ಕಾರಲ್ಲೇ ಹೋಗ್ತೀನಿ!”

ದೋಣಿ ಈಚೆ ದಡದ ಕಡೆ ಹೋಯಿತು. ಫೆರಿ ತನ್ನ ಪ್ರದಕ್ಷಿಣೆ ಮುಗಿಸಿ ಆಚೆ ದಡಕ್ಕೆ ಮುಟ್ಟಿತು.

ಗುಮಾಸ್ತರು ಕಾರನ್ನು ಇಳಿಸಿದರು. ಮುಂದಕ್ಕೆ, ಸೊಗಸಾಗಿ. ಧಕ್ಕೆಯ ಕಂಬಕ್ಕೆ ಒಂದು ಸುತ್ತು ಹಾಕಿ ಮತ್ತೆ ಸಾಲಿಗೆ ಬಂದು ನಿಂತರು. ಕಿಸೆಯಲ್ಲಿ ಪೆನ್ನಿತ್ತು, ಅದರಲ್ಲಿ ಶಾಯಿಯೂ ಇತ್ತು. ಈಗ ಆ ಕಡತ ಸಿಕ್ಕಿದರೆ ಒಂದು ಸಲವೂ ಓದದೆ ಸಹಿ ಹಾಕಿಬಿಡುತ್ತಿದ್ದರು. ಆದರೆ ಕಡತ ಇದ್ದದ್ದು ಅವರು ಬಿಟ್ಟು ಬಂದ ದಡದ ಕಚೇರಿಯ ಮಹಡಿಯಲ್ಲಿ. ಅಲ್ಲಿಗೆ ಹೋಗಬೇಕಾದರೆ ಫೆರಿ ಹತ್ತಬೇಕು.

ಮೀನಿನ ಹೆಂಗಸು ಬುಟ್ಟಿ ಹೊತ್ತು ಸಂತೆಯ ದಾರಿ ಹಿಡಿದಿದ್ದಳು. ಈ ದಡದ ಟಿಕೆಟಿನವನು ಕಾರಿನ ಬಾನೆಟ್ಟು ತಟ್ಟಿ ಬೋರ್ಡಿನ ಕಡೆ ಕೈ ತೋರಿಸಿದ. ಇಲ್ಲಿಯೂ ಅದೇ ಅಕ್ಷರ, ಅದೇ ‘ತಕ್ಕದ್ದು’.

“ಸಾರ್, ಬೋರ್ಡ್ ಓದಕ್ಕೆ ಬರತ್ತಲ್ವಾ? ರಿವರ್ಸ್ ತಗೊಳ್ಳಿ.”

ಗುಮಾಸ್ತರು ಇನ್ನೊಂದು ತೋಳನ್ನೂ ಮೇಲಕ್ಕೆ ಮಡಚಿ, ಗಾಜು ಏರಿಸಿ, ಕನ್ನಡಿಯಲ್ಲಿ ಬುಟ್ಟಿ ಹುಡುಕಿದರು. ಅಲ್ಲಿ ಕಂಡದ್ದು, ಟೀ ಲೋಟ ಕೆಳಗಿಟ್ಟು ಅವರ ಕಡೆಗೇ ಓಡಿ ಬರುತ್ತಿದ್ದ ಏಳೆಂಟು ಜನ, ಪ್ರತಿಯೊಬ್ಬರ ಕೈಯೂ ಆಗಲೇ ಒಂದೊಂದು ದಿಕ್ಕಿಗೆ ಬೀಸುತ್ತಿತ್ತು.