ಬಶಿಯಲ್ಲಿ ಉಸಿರಾಡಿದ ವೈನು

ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಂದ ಸಲೀಸಾಗಿ ಹೊರಡುವುದಿಲ್ಲ. ಹುಕ್ಕೇರಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಮಕ್ಕಳ ಮುಂದೆ ತಡವರಿಸಬಾರದೆಂದು ರೂಢಿಸಿಕೊಂಡ ಧೈರ್ಯ ಈಗ ಸಾಲೆಯ ಗೇಟು ದಾಟಿ ಊರೆಲ್ಲ ತಿರುಗುತ್ತದೆ. ಒಮ್ಮೆ ಗೋಕಾಕ ಬಸ್ ನಿಲ್ದಾಣದಲ್ಲಿ ಒಬ್ಬ ಅಜ್ಜ, "ಈ ಬಸ್ ಅಂಕಲಗಿಗೆ ಹೋಗತೈತೇನ್ರಿ?" ಎಂದು ಕೇಳಿದ. ಬೋರ್ಡು ನೋಡುವ ತಾಳ್ಮೆಯೂ ಇಲ್ಲದೆ "ಹತ್ರಿ, ಹತ್ರಿ" ಎಂದು ಹತ್ತಿಸಿಯೇಬಿಟ್ಟೆ. ಬಸ್ಸು ಮೂಡಲಗಿ ದಾರಿ ಹಿಡಿಯಿತು. ಅಜ್ಜ ಕಿಟಕಿಯಿಂದ ನನಗೆ ಕೈಮುಗಿಯುತ್ತ ಹೋದ. ಈಗಲೂ ಆ ನಿಲ್ದಾಣಕ್ಕೆ ಹೋದರೆ ಆ ಮುಗಿದ ಕೈ ನೆನಪಾಗಿ ನಾನು ಕಂಬದ ಮರೆಗೆ ಸರಿದು ನಿಲ್ಲುತ್ತೇನೆ. "ಸುಮ್ನ ಕುಂತ್ರ ಸರಕಾರ ದಂಡಾ ಹಾಕಂಗಿಲ್ರಿ" ಎನ್ನುತ್ತಾಳೆ ನನ್ನ ಹೆಂಡತಿ. ಅವಳ ಮಾತು ಖರೆ, ಆದರೆ ರೋಗ ಹಳೆಯದು.

ಈ ರೋಗಕ್ಕೆ ಬಲಿಯಾದವರಲ್ಲಿ ಮೂಡಲಗಿಯ ಭೀಮಶಿ ಮೊದಲನೆಯವನು. ಹಾಸ್ಟೆಲ್ ಕಾಲದ ಗೆಳೆಯ, ಕುರಿಯನ್ನೂ ಹೊಲವನ್ನೂ ಬಿಡದ ಮನೆತನದವನು. ಮೂರು ವರ್ಷದ ಹಿಂದೆ ಒಂದು ಎಕರೆ ಕಬ್ಬು ತೆಗೆದು ವೈನಿನ ದ್ರಾಕ್ಷಿ ಹಚ್ಚಿದ. ಹಚ್ಚು ಎಂದು ಬೆನ್ನು ತಟ್ಟಿದವನು ನಾನು. ನನ್ನ ಅರ್ಹತೆ ಇಷ್ಟೇ: ಮಾಸ್ತರರೆಲ್ಲ ಸೇರಿ ನಾಸಿಕಕ್ಕೆ ಪ್ರವಾಸ ಹೋದಾಗ ಒಂದು ವೈನ್ ಕಾರ್ಖಾನೆಯನ್ನು ಹೊಕ್ಕು ಹೊರಬಂದಿದ್ದೆ. ಅಲ್ಲಿಯವನು ವಿವರಿಸುತ್ತಿದ್ದಾಗ ನಾನು ಕಳೆದುಹೋದ ಕೊಡೆ ಹುಡುಕುತ್ತಿದ್ದೆ. ಕಿವಿಗೆ ಬಿದ್ದದ್ದು ಒಂದೇ ವಾಕ್ಯ, ವೈನಿಗೆ ಉಸಿರಾಡಲು ಬಿಡಬೇಕು ಅಂತ. ಆ ಒಂದು ವಾಕ್ಯದ ಮೇಲೆ ನಾನು ಮೂರು ವರ್ಷ ಪಂಡಿತನಾಗಿ ಬಾಳಿದೆ.

ಭೀಮಶಿಯ ಅಪ್ಪ ಸಿದ್ದಪ್ಪ ಕಾಕಾಗೆ ಎಪ್ಪತ್ತೈದು ದಾಟಿದೆ. ಬೆಳೆದದ್ದನ್ನು ಮೊದಲು ತಾವು ಬಾಯಿಗಿಟ್ಟು ನೋಡಬೇಕು, ಬಾಯಿಗೆ ಒಗ್ಗದ್ದು ಹೊಲದಲ್ಲಿ ಇರಬಾರದು ಎಂಬುದು ಅವರ ಕಟ್ಟಳೆ. ಕಹಿ ಕಾಯಿ ಬಿಟ್ಟ ಸೌತೆಬಳ್ಳಿಯನ್ನು ಅದೇ ದಿನ ಕಿತ್ತು ಕುರಿಗೆ ಹಾಕಿದವರು ಅವರು. ಹೀಗಿರುವಾಗ ಹಣ್ಣು ಕೊಂಡ ಕಾರ್ಖಾನೆಯವರು ಭೀಮಶಿಯ ತೋಟದ ಹಣ್ಣಿನದೇ ಒಂದು ಬಾಟಲಿ ಕಳಿಸಿದರು. "ಒಂದ್ ಗುಟುಕು ಕುಡದ್ ನೋಡ್ತೇನಿ. ಬಾಯಿಗೆ ಹಿಡಿಸಿದ್ರ ಬಳ್ಳಿ ಇರ್ಲಿ, ಇಲ್ಲಂದ್ರ ಕಿತ್ತು ಕಬ್ಬ ಹಚ್ಚೂದು" ಎಂದರಂತೆ ಕಾಕಾ. ಭೀಮಶಿ ನನಗೆ ಫೋನು ಮಾಡಿದ. "ದೋಸ್ತಾ, ಆಯ್ತವಾರ ಬಾರಪಾ. ಹೆಂಗ್ ಕುಡಿಯೂದಂತ ನಿನಗ ಗೊತ್ತೈತಿ." ಮೂರು ವರ್ಷ ಆ ಬಳ್ಳಿಗಳನ್ನು ಮಕ್ಕಳಂತೆ ಸಾಕಿದವನು ಅವನು.

ಭಾನುವಾರ ಮಧ್ಯಾಹ್ನ ತೋಟದ ಮನೆಯ ಪಡಸಾಲೆಯಲ್ಲಿ ಪಂಚಾಯಿತಿ ಕೂಡಿತು. ಭೀಮಶಿ ಮೋಟರ್ ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ತಂದು ಬೂಚು ಕಿತ್ತ. ನಾನು ಕೈ ಎತ್ತಿ ತಡೆದೆ. "ಈಗ ಕುಡಿಯಂಗಿಲ್ರಿ ಕಾಕಾ. ಒಂದ್ ತಾಸು ಉಸರಾಡ್ಬೇಕದು."

"ಉಸರಾಡಾಕ ಅದೇನ್ ಈಗ ಹುಟ್ಟಿದ ಎಮ್ಮಿಕರಾ ಏನ್ರಿ?" ಎಂದರು ಕಾಕಾ.

ಒಂದು ತಾಸು ಎಲ್ಲರೂ ಬಾಟಲಿಯ ಮುಖ ನೋಡುತ್ತ ಕುಳಿತೆವು. ಅದು ಉಸಿರಾಡಿತೋ ಇಲ್ಲವೋ, ಭೀಮಶಿಯಂತೂ ಉಸಿರು ಬಿಗಿಹಿಡಿದಿದ್ದ. ಕೊನೆಗೆ ಅವನ ಹೆಂಡತಿ ಕಸ್ತೂರಿ ತಂದಿಟ್ಟ ಸ್ಟೀಲ್ ಲೋಟಗಳಿಗೆ ವೈನು ಇಳಿಯಿತು. ನಾನೊಂದು ಗುಟುಕು ಕುಡಿದೆ. ಬಾಳೆಕಾಯಿ ಕಚ್ಚಿದ ಹಾಗೆ ನಾಲಿಗೆಯೆಲ್ಲ ಒಗರು, ಹಿಂದೆಯೇ ಹುಳಿ. ಕಾಕಾ ಒಂದೇ ಗುಟುಕಿಗೆ ಮುಖ ಕಿವುಚಿದರು. "ಉಸರಾಡಿದ ಮ್ಯಾಲೆ ಹಿಂಗೈತಿ, ಆಡದಿದ್ರ ಹೆಂಗಿತ್ತೋ! ಭೀಮಶಿ, ನಾಳೆ ಆಳು ಕರಿ, ಬಳ್ಳಿ ಕೀಳೂಣು." ಭೀಮಶಿ ತಲೆ ತಗ್ಗಿಸಿದ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಆದರೆ ಕಾಕಾ ಸುರುವಿದ್ದನ್ನು ಚೆಲ್ಲುವವರಲ್ಲ. ಚಹಾ ಇರಲಿ, ಕಷಾಯ ಇರಲಿ, ಅವರಿಗೆ ಅದು ಕಪ್ಪಿನಡಿ ಇಡುವ ಬಶಿಯಿಂದಲೇ ಗಂಟಲಿಗಿಳಿಯಬೇಕು. "ಕಸ್ತೂರಿ, ಬಶಿ ತಾರವಾ" ಎಂದು ತರಿಸಿ, ತಮ್ಮ ಲೋಟದಲ್ಲಿ ಉಳಿದ ವೈನನ್ನು ಅದಕ್ಕೆ ಸುರುವಿಕೊಂಡರು. ಅಷ್ಟರಲ್ಲಿ ಹಿತ್ತಲಲ್ಲಿ ಗದ್ದಲ. ನಾಲ್ಕು ಕುರಿ ದ್ರಾಕ್ಷಿ ತೋಟಕ್ಕೆ ನುಗ್ಗಿದ್ದವು. ನಾಳೆ ಕೀಳಬೇಕಾದ ಬಳ್ಳಿಯನ್ನು ಉಳಿಸಲು ಕಾಕಾ ಕೋಲು ಹಿಡಿದು ಓಡಿದರು. ಬೈದು, ಬೆದರಿಸಿ, ಕುರಿಗಳನ್ನು ದೊಡ್ಡಿಗೆ ಸೇರಿಸಿ ಬರುವಷ್ಟರಲ್ಲಿ ಅರ್ಧ ತಾಸೇ ಹಿಡಿಯಿತು. ಬಂದವರೇ ಬಶಿ ಎತ್ತಿ, ರೂಢಿಯಂತೆ ಎರಡು ಸಲ ಊದಿ, ಸೊರ್ ಎಂದು ಹೀರಿದರು.

ಆಮೇಲೆ ಬಶಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಸೊಸೆಯನ್ನು ಕರೆದರು. "ಖರೆ ಹೇಳವಾ, ಇದಕ್ಕ ಬೆಲ್ಲ ಹಾಕಿಯೇನ?"

"ಇಲ್ರಿ ಮಾವಾರ, ನಾ ಮುಟ್ಟೇ ಇಲ್ರಿ!"

ನಾನು ಬಶಿ ಇಸಿದುಕೊಂಡು ಒಂದು ಹನಿ ನಾಲಿಗೆಗಿಟ್ಟೆ. ನಂಬುವಿರೋ ಇಲ್ಲವೋ, ನನ್ನ ಮೈ ಜುಮ್ಮೆಂದಿತು. ಒಗರು ಇತ್ತು, ಆದರೆ ಒರಟುತನ ಹೋಗಿತ್ತು. ಹುಳಿಯ ಜಾಗದಲ್ಲಿ ಮಾಗಿದ ನೇರಳೆ ಹಣ್ಣು, ಅದರ ಹಿಂದೆ ಆಲೆಮನೆಯ ಬಿಸಿ ಬೆಲ್ಲದಂಥ ಒಂದು ವಾಸನೆ. ನನ್ನ ಲೋಟದ ತಳದಲ್ಲಿ ಉಳಿದದ್ದನ್ನು ಕುಡಿದು ನೋಡಿದೆ, ಅದು ಇನ್ನೂ ಮುಖ ಗಂಟಿಕ್ಕಿಕೊಂಡೇ ಇತ್ತು. ಒಂದೇ ಬಾಟಲಿ, ಒಂದೇ ಹೊಲ, ನಡುವೆ ಬರೀ ಗಾಳಿ. ಇಷ್ಟು ವರ್ಷ ಗಾಳಿಯ ಬಗ್ಗೆ ಪಾಠ ಮಾಡಿದ್ದೇನೆ, ಅದಕ್ಕೆ ಕೈಮುಗಿಯಬೇಕು ಅನ್ನಿಸಿದ್ದು ಅಂದೇ. ಭೀಮಶಿ ಬಶಿಗೆ ತುಟಿ ಹಚ್ಚಿ, ಗೋಡೆಯ ಕಡೆ ತಿರುಗಿ ಟಾವೆಲಿನಿಂದ ಕಣ್ಣೊರೆಸಿಕೊಂಡ.

"ಇರ್ಲಿಬಿಡು ಬಳ್ಳಿ" ಎಂದರು ಕಾಕಾ, ಬೇಲಿಗೆ ಒಂದು ಮುಳ್ಳಿನ ಹೊರೆ ಹೆಚ್ಚು ಹಾಕು ಎಂಬಷ್ಟೇ ಸಲೀಸಾಗಿ.

ಅಲ್ಲಿಗೆ ಸುಮ್ಮನಿದ್ದರೆ ನಾನು ಮಾಸ್ತರನೇ ಅಲ್ಲ. "ನೋಡ್ರಿ ಕಾಕಾ, ಬಾಟ್ಲಿ ಬಾಯಿ ರುಪಾಯಿ ನಾಣ್ಯದಷ್ಟು, ಅದರಾಗಿಂದ ಎಷ್ಟು ಗಾಳಿ ಹೋದೀತು? ಬಶಿ ಅಗಲ ಐತಿ, ಗಾಳಿ ಎಲ್ಲಾ ಕಡೆ ತಾಗತೈತಿ, ಒಗರು ಮೆತ್ತಗಾಗತೈತಿ" ಎಂದು ನೆಲದ ಮೇಲೆ ಬೆರಳಿಂದ ಚಿತ್ರ ಬಿಡಿಸಿ ವಿವರಿಸಿದೆ. ಎಂಟನೆಯ ತರಗತಿಗೆ ವರ್ಷವರ್ಷವೂ ಇದನ್ನೇ ಹೇಳುತ್ತೇನೆ. ತಾಟಿನ ನೀರು ಚರಿಗೆಯ ನೀರಿಗಿಂತ ಬೇಗ ಆರುತ್ತದೆ, ಏಕೆ?

ಕಾಕಾ ಪೂರ್ತಿ ಕೇಳಿದರು. "ಅಲ್ರಿ ಮಾಸ್ತರ, ಇಷ್ಟೆಲ್ಲಾ ಗೊತ್ತಿದ್ರ ಮತ್ತ ತಾಸಗಟ್ಲೆ ಬಾಟ್ಲಿ ಮಾರಿ ಯಾಕ ನೋಡ್ಕೋತ ಕುಂತಿದ್ರಿ?"

ನಾನು ಖಾಲಿ ಬಶಿಯನ್ನು ಮುಂದೆ ಹಿಡಿದೆ. ಕಾಕಾ ಬಾಟಲಿಯಿಂದ ಅದಕ್ಕೆ ಅರ್ಧ ಸುರುವಿದರು. ನಾನು ಬಾಯಿಗೆ ಎತ್ತುತ್ತಿದ್ದಂತೆ ನನ್ನ ಮಣಿಕಟ್ಟು ಹಿಡಿದು ಕೆಳಗಿಳಿಸಿದರು. "ತಡೀರಿ. ಅದು ಉಸರಾಡ್ಲಿ. ನೀವೂ ಅಷ್ಟೊತ್ತು ಬಾಯಿ ಮುಚ್ಚಿ ಮೂಗಿಂದ ಉಸರಾಡ್ರಿ."